ಕೂಸಿಗೆ ಚಾರ್ಜ್ ಹಾಕೂದು ಯಾವಾಗ?

ಮೊನ್ನೆ ದೇಗಾಂವಕ್ಕೆ ಹೋಗಿದ್ದೆ. ಕಿತ್ತೂರಿನ ಹತ್ತಿರದ ಊರು. ಮೊದಲು ಬೈಲಹೊಂಗಲ ತಾಲೂಕಿನಲ್ಲಿತ್ತು, ಈಗ ಕಿತ್ತೂರೇ ತಾಲೂಕಾಗಿದೆ. ಹೊರಗಿನವರು ಈ ಊರಿಗೆ ಬರುವುದು ಕಮಲನಾರಾಯಣ ಗುಡಿ ನೋಡಲು. ಗೋವಾ ಕದಂಬರ ಕಾಲದ್ದು, 12ನೇ ಶತಮಾನ, ರಾಣಿ ಕಮಲಾದೇವಿ ಕಟ್ಟಿಸಿದ್ದು (ನೋಡಿಲ್ಲದಿದ್ದರೆ ಒಮ್ಮೆ ಹೋಗಿ ಬನ್ನಿ). ನಾನು ಹೋಗಿದ್ದು ಗುಡಿಗಲ್ಲ, ನಮ್ಮ ಕಾಕಾನ ಮಗಳ ಕೂಸನ್ನು ನೋಡಲು. ಏಳು ತಿಂಗಳ ಹೆಣ್ಣು ಕೂಸು. ಹುಟ್ಟಿದ ವಾರದಲ್ಲೇ ಪೇಸ್‌ಮೇಕರ್ ಹಾಕಿದ್ದಾರೆ.

ಚಪ್ಪಲಿ ಬಿಡುವ ಮೊದಲೇ ಕಾಕಾ, "ಮೊಬೈಲ್ ಕಟ್ಟಿ ಮ್ಯಾಲೆ ಇಟ್ಟು ಬಾ ತಮ್ಮಾ" ಅಂದರು. ಒಳಗೆ ಟಿವಿಗೆ ಬಟ್ಟೆ ಮುಚ್ಚಿತ್ತು. ಮಿಕ್ಸಿ ಪಕ್ಕದ ಮನೆಗೆ ಹೋಗಿತ್ತು, ಕಾಕು ಮತ್ತೆ ಒರಳಿನಲ್ಲಿ ಚಟ್ನಿ ಅರೆಯುತ್ತಿದ್ದರು. ನಾನು ಕೂತ ಒಂದು ತಾಸಿನಲ್ಲಿ ಓಣಿಯ ನಾಲ್ಕು ಮಂದಿ ಬಂದು ಹೋದರು. ಒಬ್ಬ ಆಯಿ ಕೇಳಿದ್ದು, "ಚಾರ್ಜ್ ಎಷ್ಟ ದಿನಕ್ಕೊಮ್ಮೆ ಹಾಕ್ತೀರಿ? ಲೈಟ್ ಹೋದ್ರ ಹ್ಯಾಂಗ?" ನಗು ಬಂತು, ಆದರೆ ನಗಲಿಲ್ಲ. ಪ್ರಶ್ನೆ ತಪ್ಪಲ್ಲ. ನಮ್ಮ ಕಡೆ ಕರೆಂಟ್ ಹೋಗುವುದು ಗೊತ್ತಿದ್ದವರು ಕೇಳುವ ಪ್ರಶ್ನೆಯೇ ಅದು.

ನನಗೆ ಹೊಟ್ಟೆಯೊಳಗೆ ತಳಮಳ ಆಗಿದ್ದು ಬೇರೆ ಮಾತಿಗೆ. ಮೂರೂವರೆ ತಿಂಗಳಿಗೆ ಹಾಕಬೇಕಿದ್ದ ಲಸಿಕೆ ಹಾಕಿಸಿಲ್ಲ, "ಮಷೀನ್ ಐತಲ್ಲ, ಸೂಜಿ ಚುಚ್ಚೂದ ಬ್ಯಾಡ ಅಂತ ಬಿಟ್ವಿ". ಆಸ್ಪತ್ರೆಯವರು ಬರಹೇಳಿದ್ದ ತಪಾಸಣೆಗೂ ಹೋಗಿಲ್ಲ, "ಬಸ್ಸಿನಾಗ ಕುಲುಕತೈತಿ, ವಾಯರ್ ಕಿತ್ತು ಬಂದ್ರ?"

ನೋಡಿ, ಇಷ್ಟೇ ನಾನು ಹೇಳಬೇಕೆಂದಿರುವುದು. ಈ ಮನೆಯವರು ಅಲಕ್ಷ್ಯ ಮಾಡಿದವರಲ್ಲ. ಮಿಕ್ಸಿಯನ್ನೇ ಹೊರಗೆ ಹಾಕಿದವರು! ಹೆದರಿಕೆ ಬೇಕಾದಷ್ಟಿದೆ, ಆದರೆ ಅದು ಕೂತಿರುವ ಜಾಗ ತಪ್ಪು. ಟಿವಿ ಮಿಕ್ಸಿಯಿಂದ ಆ ಕೂಸಿಗೆ ಏನೂ ಆಗುವುದಿಲ್ಲ. ತಪ್ಪಿದ ತಪಾಸಣೆಯಿಂದ ಆಗಬಹುದು.

ಮೊದಲು ಕಾಯಿಲೆಯ ಮಾತು. ಡಾಕ್ಟರು "ಹಾರ್ಟ್ ಬ್ಲಾಕ್" ಅಂದ ಕೂಡಲೇ ನಮ್ಮವರು ರಕ್ತನಾಳದಲ್ಲಿ ಕೊಬ್ಬು, ಸ್ಟೆಂಟ್ ಅಂತ ಯೋಚನೆ ಮಾಡುತ್ತಾರೆ. ಇದು ಅದಲ್ಲ. ಹೃದಯದ ಮೇಲಿನ ಕೋಣೆಯಲ್ಲಿ ಹುಟ್ಟುವ ಮಿಂಚಿನಂಥ ಸಂಕೇತ ಕೆಳಗಿನ ಕೋಣೆಗೆ ಇಳಿಯಬೇಕು, ಆಗ ಹೃದಯ ಹಿಂಡುತ್ತದೆ. ಆ ದಾರಿಯೇ ಕಡಿದುಹೋದರೆ ಕೆಳಗಿನ ಕೋಣೆ ತನ್ನ ಪಾಡಿಗೆ ನಿಧಾನವಾಗಿ ಬಡಿಯುತ್ತದೆ. ಹೊಸ ಕೂಸಿನ ಹೃದಯ ನಿಮಿಷಕ್ಕೆ 120ರಿಂದ 160 ಸಲ ಬಡಿಯಬೇಕು. ಇಂಥ ಕೂಸುಗಳಲ್ಲಿ 50ಕ್ಕೆ ಇಳಿದಿರುತ್ತದೆ. ಹುಟ್ಟುವ ಸುಮಾರು 15ರಿಂದ 20 ಸಾವಿರ ಮಕ್ಕಳಲ್ಲಿ ಒಂದಕ್ಕೆ ಹೀಗಾಗುತ್ತದೆ. ಹೃದಯದ ಶಸ್ತ್ರಚಿಕಿತ್ಸೆ ಆದ ಕೆಲವು ಮಕ್ಕಳಿಗೂ ಆಮೇಲೆ ಈ ತೊಂದರೆ ಬರುವುದುಂಟು.

ಪೇಸ್‌ಮೇಕರ್ ಆ ಕಡಿದ ದಾರಿಯ ಕೆಲಸ ಮಾಡುತ್ತದೆ. ದೊಡ್ಡವರಿಗೆ ಕಾಲರ್ ಎಲುಬಿನ ಕೆಳಗೆ ಇಡುತ್ತಾರೆ. ಕೂಸಿನ ರಕ್ತನಾಳ ಸಣ್ಣದು, ಹಾಗಾಗಿ ವಾಯರನ್ನು ಹೃದಯದ ಹೊರಮೈಗೇ ಹೊಲಿದು, ಡಬ್ಬಿಯನ್ನು ಹೆಚ್ಚಾಗಿ ಹೊಟ್ಟೆಯ ಸ್ನಾಯುವಿನ ಅಡಿ ಇಡುತ್ತಾರೆ. ಡಬ್ಬಿ ಪೂರ್ತಿ ಮುಚ್ಚಿದ್ದು, ಬ್ಯಾಟರಿ ಒಳಗೇ ಇರುತ್ತದೆ. ಚಾರ್ಜ್ ಹಾಕುವ ಮಾತೇ ಇಲ್ಲ.

ಆಯಿಯ "ಲೈಟ್ ಹೋದ್ರ" ಪ್ರಶ್ನೆಗೆ ಮಾತ್ರ ಒಂದು ಕಥೆ ಇದೆ. ಮೊದಲು ಇಂಥ ಯಂತ್ರಗಳು ಗೋಡೆಯ ಪ್ಲಗ್ಗಿನಿಂದಲೇ ನಡೆಯುತ್ತಿದ್ದವು, ಹಾಸಿಗೆಯ ಪಕ್ಕದಲ್ಲಿ ಇಡುವಂಥವು. 1957ರ ಅಕ್ಟೋಬರ್ 31ರಂದು ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಕರೆಂಟ್ ಹೋಯಿತು. ಅಲ್ಲಿ ಡಾಕ್ಟರ್ ಲಿಲೆಹೈ ಮಕ್ಕಳ ಹೃದಯದ ಶಸ್ತ್ರಚಿಕಿತ್ಸೆ ಮಾಡುತ್ತಿದ್ದರು. ಅವತ್ತು ಒಂದು ಕೂಸು ತೀರಿಕೊಂಡಿತೆಂದು ಅರ್ಲ್ ಬಾಕೆನ್ ಎಂಬ ಎಂಜಿನಿಯರ್ ಹೇಳಿದ್ದಾರೆ. ಲಿಲೆಹೈ ಅವರನ್ನೇ ಕೇಳಿದರು, ಬ್ಯಾಟರಿಯಿಂದ ನಡೆಯುವುದು ಮಾಡಿಕೊಡ್ತೀಯಾ ಅಂತ. ಒಂದು ಪತ್ರಿಕೆಯಲ್ಲಿ ಬಂದಿದ್ದ ಮೆಟ್ರೊನೋಮ್ (ಸಂಗೀತದವರ ತಾಳದ ಯಂತ್ರ) ಸರ್ಕ್ಯೂಟ್ ಹಿಡಿದು ನಾಲ್ಕು ವಾರದಲ್ಲಿ ಮಾಡಿಕೊಟ್ಟರು. ಮರುವರ್ಷ, 1958ರಲ್ಲಿ, ಸ್ವೀಡನ್ನಿನ ಆರ್ನೆ ಲಾರ್ಸನ್‌ಗೆ ದೇಹದೊಳಗೇ ಇಟ್ಟರು. ಆ ಮೊದಲನೆಯದು ನಡೆದದ್ದು ಕೆಲವೇ ತಾಸು! ಆದರೆ ಲಾರ್ಸನ್ ಒಟ್ಟು 26 ಪೇಸ್‌ಮೇಕರ್ ಬದಲಿಸಿಕೊಂಡು 86 ವರ್ಷ ಬದುಕಿದರು, ತೀರಿಕೊಂಡಿದ್ದು 2001ರಲ್ಲಿ. ಇದನ್ನು ಹೇಳಿದಾಗ ಆಯಿ, "ಹಂಗಾರ ನನ್ನಕಿಂತ ಹೆಚ್ಚಿಗಿ ಬಾಳತೈತಿ ಬಿಡು" ಅಂದರು :)

ಈಗ ಮನೆಯಲ್ಲಿ ಏನು ಮಾಡಬೇಕು? ಮೊಬೈಲನ್ನು ಡಬ್ಬಿಯಿಂದ ಅರ್ಧ ಅಡಿ ದೂರ ಇಟ್ಟರೆ ಸಾಕು, ಕೂಸಿನ ಹೊಟ್ಟೆಯ ಮೇಲೆ ಇಡಬೇಡಿ ಅಷ್ಟೇ. ಅಯಸ್ಕಾಂತ ಇರುವ ಆಟಿಗೆ, ಇಯರ್‌ಫೋನ್, ಸ್ಪೀಕರ್ ಕೂಡ ಹಾಗೆಯೇ ದೂರ. ಇಂಡಕ್ಷನ್ ಒಲೆ ಇದ್ದರೆ ಎರಡು ಅಡಿ ಬಿಡಿ. ಕೂಸು ನಡೆಯಲು ಕಲಿತ ಮೇಲೆ ಹೊಲದ ಝಟಕಾ ಬೇಲಿಯ ಹತ್ತಿರ ಬಿಡಬಾರದು. ಲಸಿಕೆ ಎಲ್ಲಾ ಮಕ್ಕಳಂತೆಯೇ, ಒಂದೂ ತಪ್ಪಿಸುವ ಹಾಗಿಲ್ಲ. ಎಣ್ಣೆ ಹಚ್ಚಿ ಎರೆಯುವುದು ನಮ್ಮ ಕಡೆ ದೊಡ್ಡ ಕಾರ್ಯಕ್ರಮ. ಗಾಯ ಮಾಯ್ದ ಮೇಲೆ ಅದೂ ಆಗಬಹುದು, ಆದರೆ ಡಬ್ಬಿ ಇರುವ ಕಡೆ ತಿಕ್ಕಬಾರದು, ಒತ್ತಬಾರದು. ಅಳಲಿ, ನಗಲಿ, ಅಂಬೆಗಾಲಿಡಲಿ.

ಹೆದರಬೇಕಾದದ್ದು ಇಲ್ಲಿ: ಮೊಲೆ ಕುಡಿಯುವಾಗ ಬೆವರುವುದು, ಅರ್ಧಕ್ಕೇ ಸುಸ್ತಾಗಿ ಬಿಡುವುದು, ಎಬ್ಬಿಸಿದರೂ ಏಳದಂಥ ಮಂಪರು, ಎಚ್ಚರ ತಪ್ಪುವುದು, ಹೊಲಿಗೆಯ ಜಾಗ ಕೆಂಪಾಗಿ ಊದಿಕೊಳ್ಳುವುದು, ಜ್ವರ. ಇವು ಕಂಡರೆ ಮುಂಜಾನೆಯವರೆಗೆ ಕಾಯಬಾರದು.

ತಪಾಸಣೆ ಯಾಕೆಂದರೆ, ಕೂಸು ಬೆಳೆಯುತ್ತದೆ, ವಾಯರ್ ಬೆಳೆಯುವುದಿಲ್ಲ. ಬೆಳೆಯಲಿ ಅಂತ ಸ್ವಲ್ಪ ಸಡಿಲ ಬಿಟ್ಟಿರುತ್ತಾರೆ, ಅದು ಎಷ್ಟು ಉಳಿದಿದೆ ಅಂತ ಎಕ್ಸ್‌ರೇಯಲ್ಲಿ ನೋಡಬೇಕು. ಸೆಳೆತಕ್ಕೆ ವಾಯರ್ ಒಳಗೇ ತುಂಡಾಗುವುದೂ ಉಂಟು, ಹೊರಗಿನಿಂದ ಗೊತ್ತಾಗುವುದಿಲ್ಲ. ಕೂಸಿನ ಹೃದಯ ವೇಗವಾಗಿ ಬಡಿಯುವುದರಿಂದ ಬ್ಯಾಟರಿಯೂ ದೊಡ್ಡವರಿಗಿಂತ ಬೇಗ ಮುಗಿಯುತ್ತದೆ. ಐದರಿಂದ ಹತ್ತು ವರ್ಷ ಅಂತಿಟ್ಟುಕೊಳ್ಳಿ, ಆಮೇಲೆ ಡಬ್ಬಿಯನ್ನೇ ಬದಲಿಸಬೇಕು. ಬಸ್ಸಿನ ಕುಲುಕಾಟಕ್ಕೆ ಕಿತ್ತು ಬರುವಂತೆ ಯಾರೂ ಹೊಲಿದಿರುವುದಿಲ್ಲ.

ಇನ್ನೊಂದು ಮಾತು, ಇದನ್ನು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಓಣಿಯವರು ನನ್ನ ತಂಗಿಯ ಮುಂದೆಯೇ, "ಗ್ರಹಣದಾಗ ಹೊರಗ ಬಂದಿದ್ದೇನು?" ಅಂತ ಕೇಳಿದ್ದಾರೆ. ಹುಟ್ಟಿನಿಂದ ಬರುವ ಈ ಬ್ಲಾಕಿಗೆ ಬಹಳಷ್ಟು ಸಲ ಕಾರಣ ತಾಯಿಯ ರಕ್ತದಲ್ಲಿರುವ ಆಂಟಿ-ರೋ ಎಂಬ ಪ್ರತಿಕಾಯ. ಅದು ಗರ್ಭಕ್ಕೆ ದಾಟಿ ಆ ದಾರಿಯನ್ನು ಸುಡುತ್ತದೆ. ತಾಯಿ ಆರೋಗ್ಯವಾಗೇ ಕಾಣುತ್ತಿರಬಹುದು, ಅವಳ ತಪ್ಪು ಎಳ್ಳಷ್ಟೂ ಇಲ್ಲ. ಬೈಯುವ ಬದಲು ಅವಳ ರಕ್ತ ಪರೀಕ್ಷೆ ಮಾಡಿಸಬೇಕು. ಯಾಕೆಂದರೆ ಮುಂದಿನ ಬಸಿರಿನಲ್ಲಿ ಇದು ಮರುಕಳಿಸುವ ಸಾಧ್ಯತೆ ನೂರಕ್ಕೆ 18ರಷ್ಟಿದೆ. 2020ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಹೈಡ್ರಾಕ್ಸಿಕ್ಲೋರೊಕ್ವಿನ್ ಮಾತ್ರೆ ತೆಗೆದುಕೊಂಡ ಗರ್ಭಿಣಿಯರಲ್ಲಿ ಅದು ಸುಮಾರು 7.4ಕ್ಕೆ ಇಳಿದಿತ್ತು. ಮಾತ್ರೆಯನ್ನು ಡಾಕ್ಟರರೇ ಹೇಳಬೇಕು, ಬಸಿರಿನ ಮೊದಲ ತಿಂಗಳುಗಳಲ್ಲೇ ಶುರುವಾಗಬೇಕು. ಈ ವಿಷಯ ನನ್ನ ತಂಗಿಗೆ ಯಾರೂ ಹೇಳಿರಲಿಲ್ಲ. ಗ್ರಹಣದ ವಿಷಯ ಮಾತ್ರ ಎಲ್ಲರೂ ಹೇಳಿದ್ದರು!

ಅವಳ ಕೈಯಲ್ಲಿದ್ದ ಡಿಸ್ಚಾರ್ಜ್ ಕಾಗದ ನಾಲ್ಕು ಪುಟ, ಪೂರ್ತಿ ಇಂಗ್ಲಿಷ್. ಪೇಸ್‌ಮೇಕರ್ ಕಾರ್ಡ್ ಅದರ ಹಿಂದೆ ಪಿನ್ ಮಾಡಿದ್ದು, ಅದು ಏನಂತ ಮನೆಯಲ್ಲಿ ಒಬ್ಬರಿಗೂ ಗೊತ್ತಿಲ್ಲ. ಲಕ್ಷಗಟ್ಟಲೆ ಖರ್ಚಿನ ಚಿಕಿತ್ಸೆ ಕೊಡುವ ಆಸ್ಪತ್ರೆಗಳು ಒಂದು ಪುಟ ಕನ್ನಡದಲ್ಲಿ ಅಚ್ಚು ಹಾಕಿಸಿದರೆ ಗಂಟೇನು ಹೋಗುತ್ತದೆ? ಅದರ ಒಂದು ಪ್ರತಿ ಊರಿನ ಆಶಾ ಕಾರ್ಯಕರ್ತೆಗೆ, ಇನ್ನೊಂದು ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ ಹೋಗಬೇಕು. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೆ ಬರುತ್ತದೆ, ಅವರ ಪಟ್ಟಿಯಲ್ಲೂ ಈ ಕೂಸಿನ ಹೆಸರಿರಬೇಕು. ಆಯುಷ್ಮಾನ್ ಕಾರ್ಡ್ ಆಸ್ಪತ್ರೆಗೆ ಸೇರಿದಾಗ ನೆರವಾಗುತ್ತದೆ. ತಪಾಸಣೆಗೆ ಹೋದ ದಿನದ ಕೂಲಿಯನ್ನು ಯಾರೂ ತುಂಬಿಕೊಡುವುದಿಲ್ಲ. ಶಕ್ತಿ ಯೋಜನೆಯಿಂದ ತಾಯಿಯ ಟಿಕೆಟ್ ಉಳಿಯುತ್ತದೆ, ಅಷ್ಟರ ಮಟ್ಟಿಗೆ ಅದೂ ದೊಡ್ಡದೇ.

ಆ ನಾಲ್ಕು ಪುಟದಲ್ಲಿ ಬೇಕಾದಷ್ಟನ್ನು ಕನ್ನಡದಲ್ಲಿ ಒಂದು ಹಾಳೆಗೆ ಬರೆದು ಕೊಟ್ಟು ಬಂದೆ. ಕಾರ್ಡಿನ ಎರಡು ಜೆರಾಕ್ಸ್ ಕಿತ್ತೂರಿನಲ್ಲಿ ಮಾಡಿಸಿದೆ. ಮಂಗಳವಾರ ಕಾಕಾನ ಫೋನ್ ಬಂತು. ಲಸಿಕೆ ಹಾಕಿಸಿದ್ದಾರೆ, ಸೋಮವಾರ ಬೆಳಗಾವಿಗೆ ಹೊರಡುತ್ತಾರಂತೆ. ಹಿಂದೆ ಕೂಸು ಅಳುವುದು ಕೇಳುತ್ತಿತ್ತು, ಅದಕ್ಕಿಂತ ಜೋರಾಗಿ ಮಿಕ್ಸಿ.