ನಿದ್ದಿ ಗುಳಿಗಿ ಹೆಪ್ಪಿನ ಹಂಗ ಕೈಬದಲ ಕೊಡೋ ವಸ್ತು ಅಲ್ಲ

ನಮ್ಮ ಓಣಿಯೊಳಗ ಒಂದು ಬಟ್ಟಲ ಸಕ್ಕರಿ, ಒಂದು ಚಮಚಾ ಹೆಪ್ಪು, ನಾಕು ಎಸಳು ಕರಿಬೇವು ಕೈಬದಲ ಕೊಟ್ಟು ತಗೊಳ್ಳೋದು ನಮ್ಮತ್ತಿಯವರ ಕಾಲದಿಂದ ನಡಕೊಂಡು ಬಂದದ್ದು. ಅದಕ್ಕ ನಂದೇನೂ ತಕರಾರಿಲ್ಲ. ಆದ್ರ ಈಗ ನಾಕೈದು ವರ್ಷದಿಂದ ಆ ಯಾದಿಯೊಳಗ ನಿದ್ದಿ ಗುಳಿಗಿನೂ ಸೇರ್ಕೊಂಡದ. "ವೈನಿ, ನಿಮ್ಮನಿಯವರದು ಅರ್ಧಾ ಗುಳಿಗಿ ಇದ್ರ ಕೊಡ್ರಿ, ಮೂರು ದಿನ ಆತು ಕಣ್ಣಿಗೆ ಕಣ್ಣು ಹತ್ತಿಲ್ಲ" ಅಂತ ಒಬ್ಬಾಕಿ ಕೇಳೋದು, ಪಾಪ ಅಂತ ಇನ್ನೊಬ್ಬಾಕಿ ಮುರದು ಕೊಡೋದು. ಕೊಟ್ಟಾಕಿ ತಾನು ಪುಣ್ಯಾ ಕಟ್ಕೊಂಡೆ ಅಂತ ತಿಳಕೋತಾಳ. ನನ್ನ ಪ್ರಕಾರ ಇದು ಪುಣ್ಯಾದ ಕೆಲಸ ಅಲ್ಲ. ಯಾರಿಗೆ ಸಿಟ್ಟು ಬಂದ್ರೂ ಚಿಂತಿಲ್ಲ, ಇವತ್ತ ಬರದ ಬಿಡ್ತೀನಿ.

ಹಿಂಗ ಕೈಯಿಂದ ಕೈಗೆ ಓಡಾಡೋ ಗುಳಿಗಿ ನಮ್ಮ ಕಡೆ ಹೆಚ್ಚಾಗಿ ಆಲ್‌ಪ್ರಜೋಲಮ್. ಸರಕಾರ ಇದನ್ನ ಶೆಡ್ಯೂಲ್ ಎಚ್1 ಅನ್ನೋ ಯಾದಿಯೊಳಗ ಇಟ್ಟದ, 2014ರಿಂದ ಅದು ಜಾರಿಯೊಳಗ ಅದ. ಅಂದ್ರ ಔಷಧ ಅಂಗಡಿಯವರು ಚೀಟಿ ನೋಡಿ, ಡಾಕ್ಟರ ಹೆಸರು, ರೋಗಿ ಹೆಸರು, ಎಷ್ಟು ಗುಳಿಗಿ ಕೊಟ್ಟೆ ಅನ್ನೋದನ್ನೆಲ್ಲಾ ಬ್ಯಾರೆ ಒಂದು ರಜಿಸ್ಟರದೊಳಗ ಬರದು, ಅದನ್ನ ಮೂರು ವರ್ಷ ಜ್ವಾಕಿಯಿಂದ ಇಡಬೇಕು. ಬಂಗಾರದ ಅಂಗಡಿಯವನೂ ಇಷ್ಟು ಬರಕೊಳ್ಳಂಗಿಲ್ಲ! ಸರಕಾರ ಇಷ್ಟು ಕಾಯೋ ವಸ್ತು ನಾವು ಸೆರಗಿನ ತುದಿಯೊಳಗ ಗಂಟು ಕಟ್ಕೊಂಡು ಓಡಾಡ್ತೀವಿ.

ಇನ್ನೊಂದು ಮಾತು, ಇದು ಹೆಣ್ಣಮಕ್ಕಳು ತಿಳ್ಕೊಳ್ಳಲೇಬೇಕಾದದ್ದು. ಜೋಲ್ಪಿಡೆಮ್ ಅಂತ ಇನ್ನೊಂದು ನಿದ್ದಿ ಗುಳಿಗಿ ಅದ. 2013ರಾಗ ಅಮೆರಿಕಾದ ಔಷಧ ಇಲಾಖೆಯವರು ಹೆಂಗಸರಿಗೆ ಅದರ ಪ್ರಮಾಣ 10 ಮಿಲಿಗ್ರಾಮ್‌ದಿಂದ 5ಕ್ಕ ಇಳಸಿದ್ರು. ಯಾಕಂದ್ರ ಹೆಂಗಸರ ಮೈಯಿಂದ ಆ ಔಷಧ ಹೊರಗ ಹೋಗಲಿಕ್ಕೆ ಗಂಡಸರಕಿಂತ ಹೆಚ್ಚು ಹೊತ್ತು ಬೇಕು. ಮುಂಜಾನೆ ಎದ್ದು ಗ್ಯಾಸಿನ ಮುಂದ ನಿಂತ್ರೂ ಅಮಲು ಇಳಿದಿರಂಗಿಲ್ಲ. ಹಿಂಗಿದ್ದಾಗ ಯಜಮಾನರ ಗುಳಿಗಿ ನಮಗ ಹೆಂಗ ಸರಿಹೊಂದೀತು? ಅವರ ಚಷ್ಮಾ ಹಾಕ್ಕೊಂಡು ಸೂಜಿಗೆ ದಾರ ಪೋಣಿಸಿದಂಗ.

ಈ ಗುಳಿಗಿ ಕೆಟ್ಟದ್ದು ಅಂತ ನಾ ಹೇಳವಲ್ಲೆ. ಡಾಕ್ಟರು ಕೊಟ್ಟಾಗ, ಸ್ವಲ್ಪ ದಿನದ ಮಟ್ಟಿಗೆ, ಅದಕ್ಕೂ ಒಂದು ಕೆಲಸ ಅದ. ದಿನಾ ನುಂಗಲಿಕ್ಕೆ ಹತ್ತಿದ್ರ ಮೈ ಅದಕ್ಕ ಹೊಂದಿಕೊಂಡು ಬಿಡ್ತದ. ಮೊದಲ ಅರ್ಧಾ ಸಾಕಾಗ್ತಿತ್ತು, ಆಮ್ಯಾಲ ಒಂದು ಬೇಕಾಗ್ತದ. ರಾತ್ರಿ ಬಚ್ಚಲಕ್ಕ ಎದ್ದಾಗ ತೋಲ ತಪ್ಪಿ ಬೀಳೋದು, ಹೇಳಿದ್ದು ಮರಿಯೋದು, ಇವೆಲ್ಲಾ ಶುರು ಆಗ್ತಾವ. ಮತ್ತ ಇಲ್ಲೇ ಒಂದು ಎಚ್ಚರಿಕಿ: ನನ್ನ ಲೇಖನ ಓದಿ ಇವತ್ತ ರಾತ್ರಿನ ಗುಳಿಗಿ ತಿಪ್ಪಿಗೆ ಒಗಿಬ್ಯಾಡ್ರಿ. ಭಾಳ ದಿನ ತಗೊಂಡವರು ಒಮ್ಮೆಲೆ ಬಿಟ್ರ ನಡುಕ, ಗಾಬರಿ, ಒಮ್ಮೊಮ್ಮೆ ಫಿಟ್ಸೂ ಬರಬಹುದು. ಡಾಕ್ಟರ ಕಣ್ಣಿನ ಮುಂದ ವಾರಗಟ್ಟಲೆ ತಗೊಂಡು ಚೂರು ಚೂರು ಇಳಸಬೇಕು.

ಮುಖ್ಯ ಮಾತು ಏನಂದ್ರ, "ನಿದ್ದಿ ಬರವಲ್ದು" ಅನ್ನೋದು ಒಂದ ಜಡ್ಡು ಅಲ್ಲ. ಜ್ವರ ಇದ್ದಂಗ ಅದು, ಒಳಗ ಏನದ ಅಂತ ನೋಡಬೇಕು.

ಖರೇ ನಿದ್ರಾಹೀನತೆ ಅಂದ್ರ ವಾರದಾಗ ಮೂರು ರಾತ್ರಿಗಿಂತ ಕಡಿಮಿ ಇಲ್ಲದಂಗ, ಮೂರು ತಿಂಗಳ ತನಕ ನಿದ್ದಿ ಬರದ ಇರೋದು ಅಥವಾ ನಡುರಾತ್ರಿ ಎಚ್ಚರಾಗಿ ಮತ್ತ ಹತ್ತದ ಇರೋದು, ಅದರಿಂದ ಹಗಲಿನ ಕೆಲಸಾ ಕೆಡೋದು. ಮಗಳ ಮದವಿ ನಾಳೆ ಅದ ಅಂತ ಒಂದು ರಾತ್ರಿ ನಿದ್ದಿಗೆಟ್ರ ಅದು ಜಡ್ಡಲ್ಲ, ಅದು ಮದವಿ. ದೀರ್ಘ ದಿನದ ನಿದ್ರಾಹೀನತೆಗೆ ಮೊದಲನೇ ಚಿಕಿತ್ಸಾ ಗುಳಿಗಿ ಅಲ್ಲ ಅಂದ್ರ ನೀವು ನಂಬಲಿಕ್ಕಿಲ್ಲ. 2016ರಾಗ ಅಮೆರಿಕಾದ ವೈದ್ಯರ ಕಾಲೇಜು ಎಲ್ಲಾ ವಯಸ್ಸಿನ ದೊಡ್ಡವರಿಗೂ ಮೊದಲು ಸಿಬಿಟಿ-ಐ ಮಾಡ್ರಿ, ಗುಳಿಗಿ ಆಮ್ಯಾಲ ನೋಡೋಣು ಅಂತ ಹೇಳೇದ. ಹೆಸರು ದೊಡ್ಡದು, ಒಳಗಿನ ಮಾತು ಮನಿ ಮಾತು. ರಾತ್ರಿ ಎಷ್ಟ ಹೊತ್ತಿಗೆ ಮಲಗಿದ್ರೂ ಮುಂಜಾನೆ ಏಳೋ ವ್ಯಾಳ್ಯಾ ಒಂದ ಇರಬೇಕು, ರವಿವಾರನೂ. ನಿದ್ದಿ ಬಂದಾಗ ಮಾತ್ರ ಹಾಸಗಿಗೆ ಹೋಗಬೇಕು. ಇಪ್ಪತ್ತು ನಿಮಿಷದಾಗ ಹತ್ತಲಿಲ್ಲಂದ್ರ ಎದ್ದು ಹೊರಗ ಬಂದು, ಸಣ್ಣ ದೀಪದಾಗ ಸುಮ್ಮನ ಕೂಡಬೇಕು, ಜಂಪು ಬಂದಾಗ ಮತ್ತ ಹೋಗಬೇಕು. ಗಡಿಯಾರ ನೋಡಬಾರದು. ಎಷ್ಟಕ್ಕ ಮಲಗಿದೆ, ಎಷ್ಟಕ್ಕ ಎಚ್ಚರಾತು ಅಂತ ಎರಡು ವಾರ ಬರದಿಡಬೇಕು. ಗ್ವಾಡಿಗೆ ತೂಗುಬಿಟ್ಟ ಕ್ಯಾಲೆಂಡರದಾಗ ಹಾಲಿನ ಲೆಕ್ಕ ಬರೀತೀರಲ್ಲ, ಅದರ ಬಾಜೂಕ ಬರೀರಿ. ಹಾಸಗಿ ಮ್ಯಾಲ ಇರೋ ಹೊತ್ತನ್ನ ಕಡಿಮಿ ಮಾಡೋ ಭಾಗ ಒಂದದ, ಅದನ್ನ ಮಾತ್ರ ನಿಮ್ಮಷ್ಟಕ್ಕ ನೀವ ಮಾಡಬ್ಯಾಡ್ರಿ. ಫಿಟ್ಸ್ ಇದ್ದವರಿಗೆ, ಕೆಲವು ಮನೋರೋಗ ಇದ್ದವರಿಗೆ ಅದು ಕೂಡೂದಿಲ್ಲ.

ಇದರಾಗ ನಮ್ಮಂಥವರಿಗೆ ಒಂದು ಅಡಚಣಿ ಅದ. ರಾತ್ರಿ ಎದ್ದು ಹೊರಗ ಕೂತ್ರ "ಏನಾತು? ಯಾರಿಗೆ ಏನಾತು?" ಅಂತ ಮನಿಯೆಲ್ಲಾ ಏಳ್ತದ. ಇಲ್ಲಾ, ಎದ್ದೀನಿ ಅಂದ ಮ್ಯಾಲ ನಾಳಿನ ಅವರಿಕಾಯಿ ಸುಲಿದು ಇಡೋಣು ಅಂತ ನಮ್ಮ ಕೈ ತಾನ ಹೋಗ್ತದ. ಸುಲಿಬ್ಯಾಡ್ರಿ. ಒಮ್ಮೆ ನಡುರಾತ್ರಿ ಕೆಲಸಾ ಶುರು ಮಾಡಿದ್ರ ಆ ವ್ಯಾಳ್ಯಾಕ್ಕ ಏಳೋದ ರೂಢಿ ಆಗ್ತದ.

ಊರ್ಮಿಳಾನ ಕತಿ ಎಲ್ಲಾರಿಗೂ ಗೊತ್ತಿರಬೇಕು. ವನವಾಸದಾಗ ಲಕ್ಷ್ಮಣ ನಿದ್ದಿ ಮಾಡಬಾರದು ಅಂತ ಅವನ ಪಾಲಿನ ಹದಿನಾಲ್ಕು ವರ್ಷದ ನಿದ್ದಿನೂ ಆಕಿನ ಮಾಡಿದ್ಲಂತ. ನಮ್ಮ ಮನಿಗಳೊಳಗ ಈ ಕತಿ ತಿರುವು ಮುರುವು ಆಗ್ಯದ. ಎಲ್ಲಾರ ಪಾಲಿನ ಎಚ್ಚರ ನಮ್ಮ ಪಾಲಿಗೆ. ಹಾಲಿನವನ ಗಂಟಿ, ನಳದ ನೀರು, ಮೊಮ್ಮಗನ ಸಾಲಿ ಡಬ್ಬಿ, ಮಾವನವರ ಕೆಮ್ಮು. ನೀರು ರಾತ್ರಿ ಎರಡಕ್ಕ ಬಂದ್ರ ತುಂಬೋರು ಯಾರು? ಇದಕ್ಕ ಯಾವ ಡಾಕ್ಟರ ಕಡೆನೂ ಔಷಧ ಇಲ್ಲ, ಪಾಳಿ ಹಚ್ಚಬೇಕು. ಮನಿಯೊಳಗ ಎರಡು ಗಂಡು ಕೈ ಅವ ಅಂದ್ರ ವಾರಕ್ಕ ಎರಡು ರಾತ್ರಿ ಅವರೂ ಏಳಲಿ.

ಇನ್ನ ನನ್ನ ನೆಗೆಣ್ಣಿ ವಿಷಯಕ್ಕ ಬರ್ತೀನಿ. ಆಕಿನ ಕೇಳಿನ ಬರೀಲಿಕ್ಕೆ ಹತ್ತೀನಿ. ಆಕಿಗೀಗ ಐವತ್ತನಾಲ್ಕು. ಮುಟ್ಟು ನಿಂತು ಮೂರು ವರ್ಷ ಆದ ಮ್ಯಾಲ ನಿದ್ದಿ ಕೆಡಲಿಕ್ಕೆ ಹತ್ತಿತು. ರಾತ್ರಿ ನಾಕು ಸರತೆ ಎಚ್ಚರ, ಮುಂಜಾನೆ ತಲಿನೂವು, ಬಾಯಿ ಒಣಗೋದು. ಮಧ್ಯಾಹ್ನ ಅಕ್ಕಿ ಆರಿಸ್ಕೋತ ಕೂತಲ್ಲೇ ಮೊರದ ಮ್ಯಾಲ ತೂಕಡಿಸ್ತಿದ್ಲು. ಬಿಪಿಗೆ ಎರಡು ಗುಳಿಗಿ ಇದ್ದದ್ದು ಮೂರಾದುವು, ಆದ್ರೂ ಇಳೀಲಿಲ್ಲ. ಬಾಜೂ ಮನಿಯಾಕಿ ಕೊಟ್ಟ ಅರ್ಧಾ ಗುಳಿಗಿ ಎಂಟು ತಿಂಗಳು ನಡೀತು. ಮನಿಯೊಳಗ ಎಲ್ಲಾರೂ ನಗ್ತಿದ್ರು, "ನಿದ್ದಿ ಇಲ್ಲಂತಾಳ, ಗೊರಕಿ ನೋಡಿದ್ರ ಅಟ್ಟ ಹಾರಿಸ್ತಾಳ!" ಅಂತ.

ಆ ಗೊರಕಿನ ಜಡ್ಡಾಗಿತ್ತು. ಮಲಗಿದಾಗ ಗಂಟಲಿನ ಮೆತ್ತನ ಭಾಗ ಸಡಲಾಗಿ ಗಾಳಿ ಹೋಗೋ ದಾರಿ ಮುಚ್ಕೋತದ. ಹತ್ತು ಸೆಕೆಂಡು, ಒಮ್ಮೊಮ್ಮೆ ಅದಕ್ಕೂ ಹೆಚ್ಚು, ಉಸಿರ ಇರಂಗಿಲ್ಲ. ರಕ್ತದಾಗ ಆಕ್ಸಿಜನ್ ಇಳೀತದ, ಮೆದುಳು ಗಾಬರಿಬಿದ್ದು ಎಬ್ಬಸ್ತದ, ಗೊರ್ ಅಂತ ಉಸಿರು ಬರ್ತದ, ಮತ್ತ ಮುಚ್ಕೋತದ. ಇದಕ್ಕ ಸ್ಲೀಪ್ ಆಪ್ನಿಯಾ ಅಂತಾರ. ತಾಸಿಗೆ ಐದರೊಳಗ ಇದ್ರ ಸರಿ, 30 ದಾಟಿದ್ರ ತೀವ್ರ ಅಂತ ಲೆಕ್ಕ. ನಮ್ಮಾಕಿಗೆ 34 ಇತ್ತು. ಅಂದ್ರ ಎರಡು ನಿಮಿಷಕ್ಕೊಮ್ಮೆ ಕುತಗಿ ಹಿಚುಕಿ ಎಬ್ಬಿಸಿದಂಗ, ರಾತ್ರಿಯೆಲ್ಲಾ. ಅದರ ಮ್ಯಾಲ ಗಂಟಲನ್ನ ಇನ್ನಷ್ಟು ಸಡಲ ಮಾಡೋ, ಏಳೋ ಎಚ್ಚರಾನೂ ಮಂದ ಮಾಡೋ ಗುಳಿಗಿ ಬ್ಯಾರೆ! ಡಾಕ್ಟರು ಆ ಗುಳಿಗಿ ಹೆಸರು ಕೇಳಿ ತಲಿ ಮ್ಯಾಲ ಕೈ ಇಟ್ಕೊಂಡ್ರಂತ.

ಗೊರಕಿ ಗಂಡಸರ ರೋಗ, ದಪ್ಪ ಹೊಟ್ಟಿಯವರ ರೋಗ ಅಂತ ನಾವು ತಿಳಕೊಂಡೀವಿ. ಮುಟ್ಟು ನಿಂತ ಮ್ಯಾಲ ಹೆಂಗಸರಿಗೂ ಇದರ ಅಪಾಯ ಏರ್ತದ. ಅವರಿಗೆ ಬರೋದೂ ಬ್ಯಾರೆ ವೇಷದಾಗ: ದಣಿವು, ತಲಿನೂವು, ನಡುನಡುಕ ಎಚ್ಚರ, ಮನಸ್ಸಿಗೆ ಬ್ಯಾಸರ. ಹಿಂಗಾಗಿ "ವಯಸ್ಸಾತು", "ಟೆನ್ಶನ್" ಅಂತ ಹೇಳಿ ಕಳಸ್ತಾರ. ಸಾಕ್ಷಿ ಹೇಳೋರೂ ಇಲ್ಲ, ಯಜಮಾನರು ತಮ್ಮ ಗೊರಕಿಯೊಳಗ ಇರ್ತಾರ. ಅದಕ್ಕ ಮಗಳಿಗೋ ಸೊಸಿಗೋ ಹೇಳಿ ಒಂದು ರಾತ್ರಿ ಮೊಬೈಲದಾಗ ರೆಕಾರ್ಡ್ ಮಾಡಸ್ರಿ. ಗೊರಕಿ ನಿಂತು ಸುಮ್ಮನಾಗಿ ಮತ್ತ ಗಕ್ಕನೆ ಬಂತಂದ್ರ ಅದನ್ನ ಡಾಕ್ಟರ ಮುಂದ ಹಚ್ರಿ. ಪರೀಕ್ಷಾನೂ ಈಗ ಎಷ್ಟೋ ಸರತೆ ಮನಿಯೊಳಗ ಆಗ್ತದ: ಬಟ್ಟಿಗೊಂದು ಕ್ಲಿಪ್, ಮೂಗಿಗೊಂದು ಸಣ್ಣ ನಳಿಗಿ, ಎದಿಗೊಂದು ಪಟ್ಟಾ.

ಚಿಕಿತ್ಸಾ ಅಂದ್ರ ಸಿಪ್ಯಾಪ್ ಅನ್ನೋ ಮಶಿನ್. ಮೂಗಿನ ಮ್ಯಾಲ ಒಂದು ಮಾಸ್ಕು, ಅದರಿಂದ ಗಾಳಿ ಒತ್ತಿಕೊಂಡು ಬಂದು ಗಂಟಲ ತೆರೆದಿಡ್ತದ. 1981ರಾಗ ಆಸ್ಟ್ರೇಲಿಯಾದ ಕಾಲಿನ್ ಸಲಿವನ್ ಅನ್ನೋ ಡಾಕ್ಟರು ಇದನ್ನ ಮೊದಲು ತೋರಿಸಿದ್ರು. ಕಸಾ ಎಳಕೊಳ್ಳೋ ವ್ಯಾಕ್ಯೂಮ್ ಕ್ಲೀನರಿನ ಮೋಟಾರು ಉಲ್ಟಾ ತಿರುಗಿಸಿ ಶುರು ಮಾಡಿದ್ದಂತ. ನಮ್ಮಂಥಾಕಿ ಯಾರರೆ ಹೊಳಸಿದ್ರೇನೋ ಅಂತ ನಂಗ ಸಂಶಯ! ಸೌಮ್ಯ ಇದ್ದವರಿಗೆ ತೂಕ ಇಳಸೋದು, ಮಗ್ಗಲಾಗಿ ಮಲಗೋದು, ಹಲ್ಲಿನ ಡಾಕ್ಟರು ಮಾಡಿಕೊಡೋ ದವಡಿ ಪಟ್ಟಿ, ಇವೂ ನಡೀತಾವ.

ಮಶಿನ್ ರೊಕ್ಕ ಕೇಳಿದ ಕೂಡಲೇ ನಮ್ಮ ಮನಿಯೊಳಗ ಸುಮ್ಮ ಸುಮ್ಮನ ಕೂತ್ರು ಎಲ್ಲಾರೂ. ಹತ್ತಾರು ಸಾವಿರದ ಮಾತು. ಅದ ವರ್ಷ ಮನಿಗೆ ದೊಡ್ಡ ಟೀವಿ ಬಂದಿತ್ತು, ಅದಕ್ಕ ಯಾರೂ ಸುಮ್ಮನ ಕೂತಿರಲಿಲ್ಲ. ಇದನ್ನ ಆಕಿ ಅನ್ನಲಿಲ್ಲ, ನಾ ಅಂದೆ. ಮೊದಲು ಒಂದು ತಿಂಗಳು ಬಾಡಿಗಿಗೆ ತಂದ್ರು, ಆಮ್ಯಾಲ ಕೊಂಡ್ರು. ಮೊದಲನೇ ವಾರ ಮಾಸ್ಕ್ ಕಿತ್ತು ಕಿತ್ತು ಒಗೀತಿದ್ಲು. ಮೂಗಿನ ಅಳತಿಗೆ ಬ್ಯಾರೆ ಮಾಸ್ಕ್ ಸಿಕ್ಕ ಮ್ಯಾಲ ಹೊಂದ್ಕೊಂಡ್ಲು. ಗುಳಿಗಿ ಡಾಕ್ಟರ ಹೇಳಿದಂಗ ಇಳಿಸಿ ಬಿಟ್ಟಾಳ. ಬಿಪಿ ಗುಳಿಗಿ ಮೂರರಿಂದ ಎರಡಕ್ಕ ಬಂದದ.

ಇನ್ನೊಂದು ಜಡ್ಡು ಹೆಂಗಸರಿಗೇ ಹೆಚ್ಚು, ಹೆಸರು ಮಾತ್ರ ಯಾರಿಗೂ ಗೊತ್ತಿಲ್ಲ. ಸಂಜಿ ಆಗಿ ಮಲಗಿದ ಕೂಡಲೇ ಕಾಲೊಳಗ ಇರವಿ ಹರದಂಗ ಆಗ್ತದ, ಎಳದಂಗ ಆಗ್ತದ, ಅಲುಗಾಡಿಸಲಿಲ್ಲಂದ್ರ ತಡಕೊಳ್ಳಲಿಕ್ಕೆ ಆಗಂಗಿಲ್ಲ, ಎದ್ದು ಅಡ್ಡಾಡಿದ್ರ ಆರಾಮ. ಇದು ರೆಸ್ಟ್‌ಲೆಸ್ ಲೆಗ್ಸ್. ಬಸರಿ ಹೆಣ್ಣಮಕ್ಕಳಿಗೆ ಕಡೀಕಡೀ ತಿಂಗಳೊಳಗ ಭಾಳ ಕಾಡ್ತದ. ನಮ್ಮತ್ತಿಯವರು ಕಾಲಿಗೆ ಸೀರಿ ಬಿಗಿದು ಕಟ್ಕೊಂಡು ಮಲಗ್ತಿದ್ರು, ಅದು ಇದ ಇರಬೇಕು ಅಂತ ಈಗ ಅನಸ್ತದ. ಮೈಯೊಳಗ ಕಬ್ಬಿಣದ ದಾಸ್ತಾನು ಕಡಿಮಿ ಆದ್ರ ಇದು ಹೆಚ್ಚಾಗ್ತದ. ಹಿಮೋಗ್ಲೋಬಿನ್ ಸರಿ ಇದ್ರೂ ದಾಸ್ತಾನು ಬರಿದಾಗಿರಬಹುದು, ಅದಕ್ಕ ಫೆರಿಟಿನ್ ಅನ್ನೋ ರಕ್ತ ಪರೀಕ್ಷಾ ಕೇಳ್ರಿ. ಅದು 75ಕ್ಕಿಂತ ಕೆಳಗಿದ್ರ ಈ ಜಡ್ಡಿನವರಿಗೆ ಡಾಕ್ಟರು ಕಬ್ಬಿಣದ ಗುಳಿಗಿ ಕೊಡ್ತಾರ. ಗುಳಿಗಿ ನುಂಗಿ ಮ್ಯಾಲ ಒಂದು ಕಪ್ಪು ಚಹಾ ಕುಡದ್ರ ನುಂಗಿದ್ದು ನೀರಾಗ ಹಾಕಿದಂಗ, ಚಹಾ ಕಬ್ಬಿಣಾನ ಮೈಗೆ ಹತ್ತಗೊಡಂಗಿಲ್ಲ.

ಚಹಾದ ಮಾತು ಬಂತು. ಸಂಜಿ ಐದಕ್ಕ ಕುಡದ ಚಹಾದ ಅರ್ಧಾ ಅಮಲು ರಾತ್ರಿ ಹತ್ತಕ್ಕೂ ಮೈಯೊಳಗ ಇರ್ತದ. ಧಾರವಾಡದವರಿಗೆ ಸಂಜಿ ಚಹಾ ಬಿಡ್ರಿ ಅನ್ನೋ ಧೈರ್ಯ ನಂಗಿಲ್ಲ, ನಾಕಕ್ಕ ಮುಗಸ್ರಿ ಅಂತೀನಿ. ಜಾಜಿಕಾಯಿ ತೇಯ್ದು ಹಾಲಿಗೆ ಹಾಕೋರು ಒಂದೆರಡು ಸುತ್ತು ತೇಯ್ರಿ, ಸಾಕು. ಹೆಚ್ಚು ಹಾಕಿದ್ರ ಅದು ವಿಷ. ಗಸಗಸಿ ಪಾಯಸಾ ಉಣ್ರಿ, ರುಚಿಗೆ ಉಣ್ರಿ.

ಡಾಕ್ಟರ ಕಡೆ ಹೋಗಲಿಕ್ಕೆ ಯಾಕ ಹೆದರ್ತೀವಿ ಅಂದ್ರ ನಿದ್ದಿ ಅಂದ ಕೂಡಲೇ ಮನೋವೈದ್ಯರು ಅಂತಾರ. ಧಾರವಾಡದಾಗ ಡಿಮ್ಹಾನ್ಸ್ ಗೇಟಿನೊಳಗ ಹೋಗೋದನ್ನ ಯಾರರೆ ನೋಡಿದ್ರ ಅಂತ ಜೀವಾ ಡಬಡಬ ಅಂತದ. ನೋಡಿದವರು ಯಾಕ ಅಲ್ಲಿದ್ರು ಅಂತ ನೀವೂ ಕೇಳ್ರಿ. ಮನಿ ಬಿಟ್ಟು ಹೋಗಲಿಕ್ಕೆ ಆಗದವರಿಗೆ ಸರಕಾರದ ಟೆಲಿ ಮಾನಸ್ 14416 ಅದ, ಪುಕ್ಕಟೆ, ಕನ್ನಡದಾಗ ಮಾತಾಡ್ತಾರ.

ಮೊನ್ನೆ ಗದಗಿನ ಮದವಿಗೆ ನೆಗೆಣ್ಣಿ ಮಶಿನ್ ಚೀಲಾ ಹೊತ್ಕೊಂಡ ಬಂದಿದ್ಲು. ಮೊದಲು ಬರಂಗಿಲ್ಲ ಅಂದಿದ್ಲು, ಕಲ್ಯಾಣ ಮಂಟಪದ ಹಾಲಿನೊಳಗ ಜಮಖಾನಿ ಮ್ಯಾಲ ಇಪ್ಪತ್ತು ಹೆಣ್ಣಮಕ್ಕಳ ನಡುವ ಮೂಗಿಗೆ ಮಾಸ್ಕ್ ಹಾಕ್ಕೊಂಡು ಹೆಂಗ ಮಲಗೋದು ಅಂತ. ಪ್ಲಗ್ಗಿನ ಬಾಜೂಕ ಜಾಗಾ ಹಿಡದು ಕೊಟ್ಟೆ. ಹುಡುಗೂರು ಒಂದು ಸರತೆ ಆನಿ ಬಂತು ಅಂತ ನಕ್ಕು, ಮಲಗಿದುವು. ಮುಂಜಾನೆ ಬಚ್ಚಲದ ಪಾಳಿಯೊಳಗ ನಿಂತಾಗ ಇಬ್ಬರು ಬಂದು ಮೆತ್ತಗ ಕೇಳಿದ್ರು, ಯಾವ ಡಾಕ್ಟರು, ಎಷ್ಟು ಖರ್ಚಾತು ಅಂತ. ಅವರೊಳಗ ಒಬ್ಬಾಕಿ ಪರೀಕ್ಷಾ ಮಾಡಿಸ್ಕೊಂಡಾಳ. ಇನ್ನೊಬ್ಬಾಕಿ ದಸರಾ ಮುಗೀಲಿ ಅಂತಾಳ, ಫೋನ್ ಮಾಡ್ತಾನ ಇದ್ದೀನಿ.