ಪ್ರಯೋಗಾಲಯದ ಅನುಭವ ಗಣಕಯಂತ್ರಕ್ಕೂ ಬೇಕು

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ರೋಗಿಗಳು ಕಲಬುರಗಿಗೋ ಸೊಲ್ಲಾಪುರಕ್ಕೋ ಹೊರಟಾಗ ಹಳೆಯ ವರದಿಗಳನ್ನೆಲ್ಲ ಚೀಲದಲ್ಲಿ ಹೊತ್ತೊಯ್ಯುವುದನ್ನು ನಾವು ಬಲ್ಲೆವು. ಒಂದು ಹಾಳೆ ಕಳೆದರೂ ಮತ್ತೆ ರಕ್ತ ಕೊಡಬೇಕು, ಮತ್ತೆ ಹಣ ತೆರಬೇಕು. 2021ರ ಸೆಪ್ಟೆಂಬರ್ 27ರಂದು ದೇಶಾದ್ಯಂತ ಆರಂಭವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಈ ತೊಂದರೆಗೆ ಪರಿಹಾರವಾಗಬಲ್ಲದು. 14 ಅಂಕಿಗಳ ‘ಆಭಾ’ ಸಂಖ್ಯೆಗೆ ಜೋಡಿಸಿದ ವರದಿಯನ್ನು, ರೋಗಿಯ ಒಪ್ಪಿಗೆಯಿದ್ದರೆ, ಬೇರೆ ಊರಿನ ವೈದ್ಯರೂ ನೋಡಬಹುದು.

ಆದರೆ ಗಣಕಯಂತ್ರವು ಬರೆದುದನ್ನಷ್ಟೇ ಕಾಪಾಡುತ್ತದೆ. ತಪ್ಪು ಬರೆದರೆ ತಪ್ಪನ್ನೇ ಕಾಪಾಡುತ್ತದೆ. ಮಧುಮೇಹಿಗಳಿಗೆ ಊಟವಾದ ಎರಡು ಗಂಟೆಯ ಅನಂತರ ರಕ್ತದ ಸಕ್ಕರೆ 160 ಮಿಲಿಗ್ರಾಂ ಇದ್ದರೆ ಸಾಮಾನ್ಯವಾಗಿ ಹತೋಟಿಯಲ್ಲಿದೆ ಎನ್ನುತ್ತಾರೆ. ಖಾಲಿ ಹೊಟ್ಟೆಯಲ್ಲಿ ಅಷ್ಟೇ ಇದ್ದರೆ ಹೆಚ್ಚಾಯಿತೆಂದೇ ಅರ್ಥ. ಒಂದನ್ನು ಇನ್ನೊಂದೆಂದು ದಾಖಲಿಸಿದರೆ ಔಷಧಿಯೇ ತಪ್ಪೀತು. ಇಂಥ ದೋಷವನ್ನು ಕಂಡೊಡನೆ ಹಿಡಿಯಬಲ್ಲವರು ಪ್ರಯೋಗಾಲಯದಲ್ಲಿ ವರ್ಷಗಟ್ಟಲೆ ದುಡಿದವರು.

ಆದ್ದರಿಂದ ಡಿ.ಎಂ.ಎಲ್.ಟಿ. ಓದಿದ ನಮ್ಮ ಭಾಗದ ಯುವಕ ಯುವತಿಯರು ಆರೋಗ್ಯ ಮಾಹಿತಿ ತಂತ್ರಜ್ಞಾನದತ್ತ ಹೊರಳಿದರೆ ಕಲಿತ ವಿದ್ಯೆ ವ್ಯರ್ಥವಾಯಿತೆಂದು ಹೆತ್ತವರು ಕೊರಗಬಾರದು. ಅವರು ಮೊದಲು ತಮ್ಮ ಪ್ರಯೋಗಾಲಯದ ಗಣಕದ ಕೆಲಸವನ್ನೇ ವಹಿಸಿಕೊಳ್ಳಲಿ. ಅನಂತರ ದತ್ತಾಂಶ ನಿರ್ವಹಣೆಯ ಎಸ್‌ಕ್ಯೂಎಲ್ ಭಾಷೆಯನ್ನೂ, ಪ್ರತಿ ಪರೀಕ್ಷೆಗೂ ಜಗತ್ತಿನಾದ್ಯಂತ ಒಂದೇ ಸಂಕೇತ ನೀಡುವ ಲೋಯಿಂಕ್ ಪದ್ಧತಿಯನ್ನೂ ಕಲಿಯಲಿ. ಕೈಯಲ್ಲಿರುವ ಕೆಲಸ ಬಿಟ್ಟು, ಸಾಲ ಮಾಡಿ ದುಬಾರಿ ತರಬೇತಿಗೆ ಸೇರುವುದು ಬೇಡ.

ತಾಲ್ಲೂಕು ಆಸ್ಪತ್ರೆಗಳಲ್ಲಿ ಇಂಥವರಿಗೆ ಸರ್ಕಾರ ಹುದ್ದೆಗಳನ್ನು ಕಲ್ಪಿಸಬೇಕೆಂಬುದು ನಮ್ಮ ಆಗ್ರಹ. ಇಲ್ಲವಾದರೆ ಕಲಿತವರು ಬೆಂಗಳೂರು ಸೇರುತ್ತಾರೆ. ನಮ್ಮ ರೋಗಿಯ ಹೆಗಲಲ್ಲಿ ಹಳೆಯ ಚೀಲವೇ ಉಳಿಯುತ್ತದೆ.