ಬೋರ್ಡಿಗಿಂತ ಮೊದಲು ಪೆಟ್ಟಿಗೆ

ನಮ್ಮ ಶಾಲೆಯ ಹುಡುಗನೊಬ್ಬನು ಮೂರು ವರ್ಷಗಳ ಹಿಂದೆ, ಟಾಂಕಿ ತುಂಬಿದೊಡನೆ ಪಂಪನ್ನು ತಾನಾಗಿಯೇ ನಿಲ್ಲಿಸುವ ಸಾಧನವೊಂದನ್ನು ಮಾಡಿದನು. ಶಾಸ್ತ್ರಮೇಳದಲ್ಲಿ ಅದಕ್ಕೆ ಬಹುಮಾನವೂ ಬಂತು. ಮೇಳ ಮುಗಿದ ಮೇಲೆ ಅದನ್ನು ನಮ್ಮ ಅಡಿಕೆ ತೋಟದ ಪಂಪುಶೆಡ್ಡಿನಲ್ಲಿ ಇಟ್ಟೆವು. ಮೇ ತಿಂಗಳ ಕೊನೆಯ ತನಕ ಒಂದು ದಿನವೂ ತಪ್ಪದೆ ಕೆಲಸ ಮಾಡಿತು. ಮಳೆಗಾಲ ಕಳೆದು ಡಿಸೆಂಬರದಲ್ಲಿ ಮತ್ತೆ ನೀರು ಹಾಯಿಸಲು ಹೊರಟಾಗ ಅದರಲ್ಲಿ ಜೀವವೇ ಇರಲಿಲ್ಲ.

ಹುಡುಗನು ಬಂದು ನೋಡಿ, "ನಾನು ಬರೆದ ಪ್ರೋಗ್ರಾಮಿನಲ್ಲೇ ತಪ್ಪಿರಬೇಕು ಮಾಷ್ಟ್ರೆ" ಎಂದು ಮೋರೆ ಸಣ್ಣದು ಮಾಡಿಕೊಂಡನು. ಬಿಚ್ಚಿ ನೋಡಿದರೆ ಪ್ರೋಗ್ರಾಮು ಸರಿಯಾಗಿಯೇ ಇತ್ತು. ಸಿಕ್ಕಿಸಿದ ತಂತಿಗಳ ತುದಿಗೆ ಹಸಿರು ಕಿಲುಬು ಹಿಡಿದಿತ್ತು. ರಿಲೇಯ ಬುಡದಲ್ಲಿ ಇರುವೆಯ ಮೊಟ್ಟೆಗಳಿದ್ದುವು. ಮಿಠಾಯಿಯ ಡಬ್ಬಿಗೆ ಮೇಲ್ಗಡೆಯಿಂದ ತೂತು ಕೊರೆದು ತಂತಿ ಇಳಿಸಿದ್ದೆವು. ಆ ತಂತಿಯನ್ನೇ ಹಿಡಿದುಕೊಂಡು ಹಂಚಿನ ಸಂದಿನ ನೀರು ಒಳಗಿಳಿದಿತ್ತು. ತೂತು ಕೊರೆದವರು ನಾವೇ. ನಮ್ಮ ತಪ್ಪನ್ನು ಹುಡುಗನು ತನ್ನ ಬುದ್ಧಿಯ ತಪ್ಪೆಂದು ತಿಳಿದುಕೊಂಡುದೇ ನಮಗೆ ಹೆಚ್ಚು ನೋವಾದ ಸಂಗತಿ.

ಮಕ್ಕಳಿಗೆ ಇಲೆಕ್ಟ್ರಾನಿಕ್ಸ್ ಕಲಿಸುವ ಉತ್ಸಾಹ ಈಗ ಎಲ್ಲ ಕಡೆಯೂ ಇದೆ. ಕೇರಳದ ಶಾಲೆಗಳಲ್ಲಿ 2018ರಲ್ಲಿ ಲಿಟ್ಲ್ ಕೈಟ್ಸ್ ಕೂಟಗಳು ಆರಂಭವಾದುವು. 2022ರಿಂದ ಆರ್ಡುಯಿನೋ ಇರುವ ಕಿಟ್ಟುಗಳೂ ಬಂದುವು. ಸಂತೋಷವೇ. ಆದರೆ ಕೆಲಸವು ಬ್ರೆಡ್‌ಬೋರ್ಡಿಗೆ ತಂತಿ ಸಿಕ್ಕಿಸುವಲ್ಲಿಗೇ ನಿಂತುಬಿಡುವುದುಂಟು. ಬ್ರೆಡ್‌ಬೋರ್ಡೆಂದರೆ ಸ್ಲೇಟಿನ ಹಾಗೆ, ಬರೆದು ಅಳಿಸುವುದಕ್ಕೆ ಇರುವಂಥದು. ತೋಟದಲ್ಲಿ ಬಾಳಬೇಕಾದುದಕ್ಕೆ ತಾಮ್ರದ ಗೆರೆಗಳನ್ನು ಮೂಡಿಸಿದ, ಬೆಸುಗೆ ಹಾಕಿದ ಬೋರ್ಡು ಬೇಕು; ಅದಕ್ಕೆ ತಕ್ಕ ಪೆಟ್ಟಿಗೆಯೂ ಬೇಕು. ಮತ್ತು ಪೆಟ್ಟಿಗೆಯನ್ನು ಮೊದಲು ಆರಿಸಿ, ಆಮೇಲೆ ಬೋರ್ಡಿನ ನಕ್ಷೆ ಬರೆಯಬೇಕೆಂಬುದು ನಮ್ಮ ಅಭಿಪ್ರಾಯ. ಹೆಚ್ಚಿನವರು ಮಾಡುವುದು ಇದಕ್ಕೆ ತದ್ವಿರುದ್ಧ.

ಕರೆಂಟು ಸಾಮಾನಿನ ಅಂಗಡಿಯಲ್ಲಿ ಸಿಗುವ, ಮುಚ್ಚಳಕ್ಕೆ ರಬ್ಬರಿನ ಪಟ್ಟಿಯಿರುವ ಜಂಕ್ಷನ್ ಬಾಕ್ಸು ಸಾಕು. ಅದರ ಮೇಲೆ ಐಪಿ 65 ಎಂದಿದ್ದರೆ ಒಳ್ಳೆಯದು. 6 ಎಂದರೆ ಧೂಳು ಒಳಹೊಗದು, 5 ಎಂದರೆ ಕೊಳವೆಯಿಂದ ಚಿಮ್ಮುವ ನೀರನ್ನು ತಡೆದೀತು. ತ್ರೀಡಿ ಪ್ರಿಂಟರಿನಲ್ಲಿ ಮಕ್ಕಳು ಮಾಡುವ ಚಂದದ ಪೆಟ್ಟಿಗೆಗಳು ಹೆಚ್ಚಾಗಿ ಪಿಎಲ್ಎ ಎಂಬ ಪ್ಲಾಸ್ಟಿಕ್ಕಿನವು. ಅದು ಸುಮಾರು 60 ಡಿಗ್ರಿ ಸೆಲ್ಸಿಯಸ್ಸಿಗೇ ಮೆತ್ತಗಾಗುತ್ತದೆ. ಎಪ್ರಿಲಿನ ನೇರ ಬಿಸಿಲಿಗೆ ಇಡತಕ್ಕದ್ದಲ್ಲ. ತಂತಿಗಳು ಪೆಟ್ಟಿಗೆಯ ಕೆಳಗಿನಿಂದಲೇ, ಬಿಗಿಯುವ ಗ್ಲ್ಯಾಂಡಿನ ಮೂಲಕ ಒಳಹೋಗಬೇಕು. ಮೇಲಿನಿಂದ ಬರುವ ತಂತಿಯನ್ನು ಪೆಟ್ಟಿಗೆಗಿಂತ ಕೆಳಕ್ಕೆ ಇಳಿಸಿ, ಬಾಗಿಸಿ, ಮತ್ತೆ ಮೇಲಕ್ಕೇರಿಸಿದರೆ ನೀರು ಆ ಬಾಗಿನಲ್ಲೇ ತೊಟ್ಟಿಕ್ಕಿಹೋಗುತ್ತದೆ. ಎಷ್ಟು ಬಿಗಿ ಮಾಡಿದರೂ ರಾತ್ರಿಯ ತಂಪಿಗೆ ಒಳಗಿನ ತೇವ ಹನಿಯಾಗುವುದುಂಟು. ಆದುದರಿಂದ ಶೆಡ್ಡಿನೊಳಗಿನ ಪೆಟ್ಟಿಗೆಗೆ ಅಡಿಯಲ್ಲಿ ಸಣ್ಣ ತೂತೊಂದನ್ನು ಬಿಟ್ಟು, ಇರುವೆ ನುಗ್ಗದಂತೆ ನಯವಾದ ಜಾಲರಿ ಅಂಟಿಸಿದೆವು.

ಇಷ್ಟು ನಿಶ್ಚಯವಾದ ಮೇಲೆ ಬೋರ್ಡು ಸುಲಭ. ತಂತಿ ಕೆಳಗಿನಿಂದ ಬರುವುದಾದರೆ ತಿರುಪಿನ ಕನೆಕ್ಟರುಗಳೆಲ್ಲ ಬೋರ್ಡಿನ ಕೆಳ ಅಂಚಿನಲ್ಲೇ ಇರಬೇಕಷ್ಟೆ. ಪೆಟ್ಟಿಗೆಯ ಕಾಲುಗಳ ಅಳತೆಗೆ ಸರಿಯಾಗಿ ನಾಲ್ಕು ಮೂಲೆಗಳಲ್ಲಿ 3.2 ಮಿಲಿಮೀಟರಿನ ತೂತುಗಳಿದ್ದರೆ 3 ಮಿಲಿಮೀಟರಿನ ಸ್ಕ್ರೂ ಹಿಡಿಯುತ್ತದೆ. ನಕ್ಷೆಯನ್ನು ನಿಜವಾದ ಅಳತೆಯಲ್ಲೇ ಕಾಗದಕ್ಕೆ ಮುದ್ರಿಸಿ, ರಟ್ಟಿಗೆ ಅಂಟಿಸಿ, ಪೆಟ್ಟಿಗೆಯೊಳಗಿಟ್ಟು ನೋಡಬೇಕು. ಈ ರಟ್ಟಿನ ಪರೀಕ್ಷೆಯಿಂದ ನಮಗೆ ಎರಡು ಸಲದ ಹಣ ಉಳಿದಿದೆ. ನಕ್ಷೆ ಬರೆಯಲು ಕೈಕ್ಯಾಡ್ ಎಂಬ ಪ್ರೋಗ್ರಾಮಿದೆ, ಕಾಸು ಕೊಡಬೇಕಾಗಿಲ್ಲ. 1992ರಲ್ಲಿ ಅದನ್ನು ಆರಂಭಿಸಿದ ಜೀನ್ ಪಿಯರ್ ಶಾರಾ ಎಂಬವರು ಫ್ರಾನ್ಸಿನ ಒಬ್ಬ ಅಧ್ಯಾಪಕರು ಎಂಬುದು ನಮ್ಮಂಥವರಿಗೆ ಹೆಮ್ಮೆ. ಫೈಲು ಕಳುಹಿಸಿದರೆ ಬೋರ್ಡು ಮಾಡಿಕೊಡುವವರಿದ್ದಾರೆ. ಮನೆಯಲ್ಲೇ ಫೆರಿಕ್ ಕ್ಲೋರೈಡಿನಲ್ಲಿ ಅದ್ದಿ ಬೇಡದ ತಾಮ್ರವನ್ನು ಕರಗಿಸಿಯೂ ಮಾಡಬಹುದು. ಬೋರ್ಡೋ ಬಿಡುವ ನಮಗೆ ತಾಮ್ರ ಹೊಸತಲ್ಲವಾದರೂ ಆ ನೀರನ್ನು ಬಾವಿಯ ಬಳಿ ಚೆಲ್ಲಬಾರದು. ಬೆಸುಗೆ ಮುಗಿದ ಮೇಲೆ ಬೋರ್ಡನ್ನು ಚೆನ್ನಾಗಿ ತೊಳೆದು ಒಣಗಿಸಿ, ಕನೆಕ್ಟರು ಮತ್ತು ರಿಲೇಗಳನ್ನು ಬಿಟ್ಟು, ಬೋರ್ಡಿಗೆಂದೇ ಸಿಗುವ ವಾರ್ನಿಷನ್ನು ಎರಡು ಸಲ ಬಳಿಯಬೇಕು.

ಮಕ್ಕಳ ಕೈಗೆ 12 ವೋಲ್ಟಿಗಿಂತ ಹೆಚ್ಚಿನ ಕರೆಂಟು ಬರಕೂಡದು. ಪಂಪಿನ ಸ್ಟಾರ್ಟರಿಗೆ ಜೋಡಿಸುವುದು ಇಲೆಕ್ಟ್ರಿಶಿಯನರ ಕೆಲಸ. ಇದರಲ್ಲಿ ರಾಜಿ ಇಲ್ಲ.

ಇಂಥ ಸಾಧನ ಪೇಟೆಯಲ್ಲೇ ಸಿಗುವಾಗ ಇಷ್ಟೆಲ್ಲ ಪಾಡು ಯಾತಕ್ಕೆಂದು ನೆರೆಯವರು ಕೇಳುತ್ತಾರೆ. ಪೇಟೆಯದೂ ಕೆಡುತ್ತದೆ, ಕೆಟ್ಟರೆ ಎಸೆಯುವುದೊಂದೇ ದಾರಿ. ನಮ್ಮದರ ನಕ್ಷೆ ಶಾಲೆಯಲ್ಲಿದೆ. ಯಾವ ಹುಡುಗಿಯೂ ಅದನ್ನು ತೆರೆದು ನೋಡಿ, ತಿದ್ದಿ, ತನ್ನ ಮನೆಯ ಟಾಂಕಿಗೆ ಒಗ್ಗಿಸಿಕೊಳ್ಳಬಹುದು. ಮೇಳದ ತೀರ್ಪುಗಾರರಲ್ಲಿ ನಮ್ಮ ಬಿನ್ನಹವಿಷ್ಟೆ: ದೀಪ ಉರಿಯುತ್ತದೋ ಎಂದು ನೋಡಿದ ಮೇಲೆ, ಇದನ್ನು ಯಾವ ಪೆಟ್ಟಿಗೆಯಲ್ಲಿ ಇಡುತ್ತೀ, ತಂತಿ ಎಲ್ಲಿಂದ ಬರುತ್ತದೆ ಎಂದೂ ಕೇಳಿರಿ. ಅದಕ್ಕೂ ಅಂಕ ಕೊಡಿರಿ.

ಆ ಹುಡುಗನೇ ಪೆಟ್ಟಿಗೆಯಿಂದ ಆರಂಭಿಸಿ ಹೊಸತೊಂದನ್ನು ಮಾಡಿದನು. ಕಳೆದ ಮಳೆಗಾಲ ಮುಗಿದ ಮೇಲೆ ಇಬ್ಬರೂ ಸೇರಿ ಮುಚ್ಚಳ ತೆಗೆದೆವು. ಒಳಗೆ ಒಣಗಿಯೇ ಇತ್ತು. ಇರುವೆಗಳು ಜಾಲರಿಯ ಹೊರಗೆ ಸಾಲುಗಟ್ಟಿದ್ದುವು.